ಮಲಗಿದ ದೇಹವನ್ನು ಎಬ್ಬಿಸುವ ವಿದ್ಯೆ: ಕಾಗಿಣಾ ಸೀಮೆಯಿಂದ ಒಂದು ಚರಿತ್ರೆ

ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯನ್ನು ಕೂಡಿಕೊಂಡು, ಸೇಡಂ, ಮಳಖೇಡ, ಚಿತ್ತಾಪುರ, ಶಹಾಬಾದ್‌ಗಳ ನೆಲವನ್ನು ಹಾಯ್ದು ಭೀಮೆಯನ್ನು ಸೇರುವ ಕಾಗಿಣಾ ನದಿಯ ಸೀಮೆಯಲ್ಲಿ ಬಹುಪಾಲು ಜನರ ಬದುಕು ನಿಂತಿರುವುದು ಮೈಬಲದ ಮೇಲೆ. ಫರಸಿ ಎಂದು ಹೆಸರಾದ ಶಹಾಬಾದ್ ಕಲ್ಲನ್ನು ಪದರ ಪದರವಾಗಿ ಎಬ್ಬಿಸುವ ಖಣಿಯ ಕೆಲಸ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳ ದುಡಿಮೆ, ತೊಗರಿಯ ಕೊಯ್ಲು ಮತ್ತು ರಾಶಿ, ಇವೆಲ್ಲವೂ ತೋಳು, ತೊಡೆ, ಬೆನ್ನುಗಳ ಶಕ್ತಿಯಿಂದಲೇ ಅನ್ನ ಹುಟ್ಟಿಸುವ ಕಸುಬುಗಳು. ಇಂಥ ಸೀಮೆಯ ದುಡಿಯುವ ವಯಸ್ಸಿನವರೊಬ್ಬರು ಪ್ರಾಣಾಪಾಯದ ಕಾಯಿಲೆಗೆ ತುತ್ತಾಗಿ ತೀವ್ರ ನಿಗಾ ಘಟಕವನ್ನು, ಅಂದರೆ ಉಸಿರಾಟವನ್ನೂ ರಕ್ತದೊತ್ತಡವನ್ನೂ ಯಂತ್ರ ಮತ್ತು ಔಷಧಗಳ ನೆರವಿನಿಂದ ಹಿಡಿದಿಟ್ಟು ಹಗಲೂ ರಾತ್ರಿಯೂ ಗಮನಿಸುವ ಆಸ್ಪತ್ರೆಯ ವಿಭಾಗವನ್ನು ಸೇರಿ, ಬದುಕಿ ಮನೆಗೆ ಮರಳಿದಾಗ, ಉಳಿದ ಜೀವದ ಜೊತೆಗೆ ಉಳಿಯದೆ ಹೋದ ಬಲದ ಲೆಕ್ಕವೂ ಏಳುತ್ತದೆ. ಆ ಬಲವನ್ನು ಮರಳಿ ತರುವ ಪ್ರಯತ್ನಕ್ಕೆ ಪುನಶ್ಚೇತನ ಚಿಕಿತ್ಸೆ ಎಂದು ಹೆಸರು. ರೋಗಿಯ ಕೈಕಾಲುಗಳನ್ನು ಇನ್ನೊಬ್ಬರು ಆಡಿಸುವುದರಿಂದ ಹಿಡಿದು, ಮಗ್ಗುಲು ಬದಲಿಸುವುದು, ಹಾಸಿಗೆಯ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸುವುದು, ನಿಲ್ಲಿಸುವುದು, ನಡೆಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಯಂತ್ರಗಳ ಚರಿತ್ರೆ ಹಲವು ಬಾರಿ ಬರೆಯಲ್ಪಟ್ಟಿದೆ. ಮಲಗಿದವರನ್ನು ಎಬ್ಬಿಸಿದ ಕೈಗಳ ಚರಿತ್ರೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಮೈಬಲವೇ ಬಂಡವಾಳವಾಗಿರುವ ಈ ಸೀಮೆಯಲ್ಲಿ ನಿಂತು ನೋಡಿದರೆ ಅದು ಎಷ್ಟು ತಿರುವುಗಳ ದಾರಿಯೆಂಬುದು ಸ್ಪಷ್ಟವಾಗುತ್ತದೆ.

ಈ ಸೀಮೆಗೆ ವೈದ್ಯದ ನೆನಪು ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅದು ಕನ್ನಡದ ಕಾವ್ಯಚರ್ಚೆಗೆ ಹೇಗೋ ಹಾಗೆ ವೈದ್ಯಚರ್ಚೆಗೂ ನೆಲೆಯಾಗಿತ್ತು. ಜೈನ ಮುನಿ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ವೈದ್ಯಗ್ರಂಥವಾದ ಕಲ್ಯಾಣಕಾರಕವು ಮಾಂಸ, ಮದ್ಯ, ಜೇನುಗಳನ್ನು ಔಷಧದಿಂದ ಹೊರಗಿಟ್ಟ ವಿಶಿಷ್ಟ ಕೃತಿ. ಅದರ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಂಡಿತವಾದುದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ಈ ಕೃತಿ ಬೆಳೆದ ಆಯುರ್ವೇದದ ವಿಶಾಲ ಪರಂಪರೆಯಲ್ಲಿ ರೋಗಿಯ ಚಲನೆಯ ಬಗ್ಗೆ ಎರಡು ವಿಚಾರಗಳು ಜೊತೆಜೊತೆಯಾಗಿ ನಡೆದುಬಂದಿವೆ. ಜ್ವರದಲ್ಲಿರುವವರಿಗೆ, ಕ್ಷೀಣರಾದವರಿಗೆ, ಉಸಿರಿಗೆ ಕಷ್ಟಪಡುವವರಿಗೆ ವ್ಯಾಯಾಮ ಸಲ್ಲದು ಎಂಬುದು ಮೊದಲನೆಯದು. ವ್ಯಾಯಾಮ ಮಾಡಬಲ್ಲವರೂ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಉಸಿರು ಬಾಯಿಗೆ ಬರುವ ಹೊತ್ತಿಗೆ ನಿಲ್ಲಿಸಬೇಕು ಎಂಬ, ಸುಶ್ರುತಸಂಹಿತೆಯಲ್ಲಿ ಬಲಾರ್ಧ ಎಂದು ಕರೆದಿರುವ ಅಳತೆ ಎರಡನೆಯದು. ದೇಹವನ್ನು ಶುದ್ಧಗೊಳಿಸುವ ಶೋಧನ ಚಿಕಿತ್ಸೆಯಿಂದ ದಣಿದವರನ್ನು ತೆಳುಗಂಜಿಯಿಂದ ಗಟ್ಟಿಗಂಜಿಗೆ, ಅಲ್ಲಿಂದ ಮಾಮೂಲಿನ ಊಟಕ್ಕೆ ಹಂತ ಹಂತವಾಗಿ ಮರಳಿಸುವ ಸಂಸರ್ಜನಕ್ರಮವೂ ಇದೇ ಬಗೆಯ ಎಚ್ಚರದ ಫಲ. ತೀವ್ರ ನಿಗಾ ಘಟಕದ ಪುನಶ್ಚೇತನವನ್ನು ಪ್ರಾಚೀನರು ಬಲ್ಲವರಾಗಿದ್ದರೆಂದು ಇದರಿಂದ ಹೇಳಲಾಗದು. ಯಂತ್ರದ ಉಸಿರಿನಲ್ಲಿ ವಾರಗಟ್ಟಲೆ ಬದುಕುಳಿಯುವ ರೋಗಿಯೇ ಅವರ ಅನುಭವದಲ್ಲಿ ಇರಲಿಲ್ಲ. ಆದರೆ ದುರ್ಬಲ ದೇಹಕ್ಕೆ ಚಲನೆಯನ್ನು ಔಷಧದಂತೆ ಅಳತೆಯಿಂದ ಕೊಡಬೇಕೆಂಬ ಪ್ರಶ್ನೆಯನ್ನು ಅವರು ಎತ್ತಿದ್ದರು. ಆ ಪ್ರಶ್ನೆ ಇಪ್ಪತ್ತೊಂದನೆಯ ಶತಮಾನದಲ್ಲಿ ಬೇರೆ ಉಡುಪಿನಲ್ಲಿ ಮರಳಿ ಬಂದಿತು.

ಶಾಸ್ತ್ರದ ಹೊರಗೆ, ಊರಿನ ಬಳಕೆಯಲ್ಲಿ ಬಲವರ್ಧನೆಯ ವಿದ್ಯೆ ತಾಲೀಮು ಮನೆಗಳಲ್ಲಿ, ಬಾಣಂತನದ ಕೋಣೆಗಳಲ್ಲಿ, ನಾಟಿ ವೈದ್ಯರ ಜಗಲಿಗಳಲ್ಲಿ ಉಳಿದುಕೊಂಡಿತು. ಕುಸ್ತಿಯ ಉಸ್ತಾದರು ಉಳುಕಿದ ಕೀಲನ್ನು ತಿಕ್ಕಿ ಸರಿಪಡಿಸುತ್ತಿದ್ದರು. ಲಕ್ವ ಹೊಡೆದ ಕೈಕಾಲಿಗೆ ಎಣ್ಣೆ ನೀವಿ ಆಡಿಸುವ ಕೆಲಸವನ್ನು ಮನೆಯ ಹಿರಿಯರು ಮಾಡುತ್ತಿದ್ದರು. ಬಾಣಂತಿಯ ಮೈಗೆ ಎಣ್ಣೆ ನೀರು ಹಾಕುವ ಹೆಂಗಸರಿಗೆ ಯಾವ ಸ್ನಾಯುವನ್ನು ಎಷ್ಟು ಒತ್ತಬೇಕೆಂಬುದು ಕೈಯ ಅನುಭವದಿಂದಲೇ ಗೊತ್ತಿತ್ತು. ಈ ತಿಳಿವಳಿಕೆಯಲ್ಲಿ ಉಪಯುಕ್ತವಾದುದೂ ಅಪಾಯಕರವಾದುದೂ ಬೆರೆತಿದ್ದವು. ಮುರಿದ ಮೂಳೆಯನ್ನು ತಿಕ್ಕುವುದರಿಂದ, ರಕ್ತ ಹೆಪ್ಪುಗಟ್ಟಿದ ಕಾಲನ್ನು ಒತ್ತುವುದರಿಂದ ಆಗುವ ಹಾನಿ ಚಿಕ್ಕದಲ್ಲ. ಆದರೂ ಹಾಸಿಗೆ ಹಿಡಿದವರ ದೇಹವನ್ನು ಮುಟ್ಟಿ ಆಡಿಸುವುದು ಆರೈಕೆಯ ಭಾಗವೆಂಬ ನಂಬಿಕೆ ಇಲ್ಲಿ ಆಳವಾಗಿ ಬೇರೂರಿತ್ತು.

ಈ ನಂಬಿಕೆಗೆ ಎದುರಾದ, ಮಲಗಿಸುವುದೇ ಮದ್ದೆಂಬ ಇನ್ನೊಂದು ನಂಬಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವೈದ್ಯದೊಂದಿಗೆ, ರೈಲು ಹಾದಿಯ ಜೊತೆಜೊತೆಗೇ ಬಂದಿತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು. ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೂಲಕ ಹೈದರಾಬಾದನ್ನು ಮುಟ್ಟುವ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಅಲ್ಲಿಂದ ಮುಂದೆ ಈ ಸೀಮೆಯ ದೊಡ್ಡ ಕಾಯಿಲೆಗಳ ದಾರಿ ಹಳಿಗಳ ಮೇಲೆಯೇ ನಿರ್ಧಾರವಾಯಿತು. ಒಂದು ದಿಕ್ಕಿನಲ್ಲಿ ಹೈದರಾಬಾದು, ಇನ್ನೊಂದು ದಿಕ್ಕಿನಲ್ಲಿ ಸೊಲ್ಲಾಪುರ, ಪುಣೆ, ಮುಂಬಯಿ. ಆಸ್ಪತ್ರೆಗೆ ದವಾಖಾನೆ ಎನ್ನುವ ರೂಢಿ ಇಲ್ಲಿ ಇಂದಿಗೂ ಉಳಿದಿರುವುದು ನಿಜಾಮರ ಆಡಳಿತದ ಗುರುತು. ಆ ಆಡಳಿತದಲ್ಲಿ ವೈದ್ಯಪ್ರಯೋಗಗಳಿಗೆ ದೊಡ್ಡ ಮನಸ್ಸಿನ ಆಸರೆ ಇತ್ತೆಂಬುದಕ್ಕೆ 1888 ಮತ್ತು 1889ರ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಸಾಕ್ಷಿ. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಶಸ್ತ್ರವೈದ್ಯ ಎಡ್ವರ್ಡ್ ಲಾರಿ, ಪ್ರಜ್ಞೆ ತಪ್ಪಿಸಿದ ರೋಗಿಯ ನಾಡಿಗಿಂತ ಉಸಿರಾಟವನ್ನೇ ಗಮನಿಸಬೇಕೆಂದು ವಾದಿಸಿದರು. ಎರಡನೆಯ ಆಯೋಗಕ್ಕೆ ಲಂಡನ್ನಿನ ಲಾನ್ಸೆಟ್ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದು ಆ ಮಾತನ್ನು ಒಪ್ಪಿದರು. ಕ್ಲೋರೋಫಾರ್ಮ್ ಹೃದಯವನ್ನೇ ನೇರವಾಗಿ ನಿಲ್ಲಿಸಬಲ್ಲದೆಂದು 1911ರಲ್ಲಿ ಲೆವಿ ತೋರಿಸಿಕೊಟ್ಟಾಗ ಆಯೋಗದ ತೀರ್ಮಾನ ಅರ್ಧ ಸತ್ಯವೆಂದು ತಿಳಿಯಿತು. ಆದರೂ ಪ್ರಜ್ಞೆಯಿಲ್ಲದ ದೇಹದ ಪಕ್ಕದಲ್ಲಿ ಕುಳಿತು ಅದರ ಪ್ರತಿ ಉಸಿರನ್ನೂ ಎಣಿಸಬೇಕೆಂಬ ಶಿಸ್ತು, ಮುಂದೆ ತೀವ್ರ ನಿಗಾ ಎಂದು ಬೆಳೆದ ಶಿಸ್ತಿನ ಒಂದು ಎಳೆ, ಈ ಸೀಮೆ ಸೇರಿದ್ದ ಸಂಸ್ಥಾನದಲ್ಲಿಯೇ ಗಟ್ಟಿಯಾಯಿತೆಂಬುದು ನೆನೆಯಬೇಕಾದ ಸಂಗತಿ.

ಅದೇ ಪಾಶ್ಚಾತ್ಯ ವೈದ್ಯವು ತನ್ನೊಂದಿಗೆ ಹಾಸಿಗೆ ವಿಶ್ರಾಂತಿಯ ಸಿದ್ಧಾಂತವನ್ನೂ ತಂದಿತು. ಇಂಗ್ಲೆಂಡಿನ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ನೋವು ಮತ್ತು ವಿಶ್ರಾಂತಿಗಳ ಸಂಬಂಧವನ್ನು ವಿವರಿಸಿ, ಗಾಯಗೊಂಡ ಅಂಗಕ್ಕೆ ವಿಶ್ರಾಂತಿಯೇ ಪ್ರಕೃತಿಯ ಚಿಕಿತ್ಸೆ ಎಂದರು. ಹ್ಯೂ ಓವನ್ ಥಾಮಸ್ ಮೂಳೆಯ ರೋಗಗಳಿಗೆ ದೀರ್ಘವಾದ, ಬಿಡುವಿಲ್ಲದ ನಿಶ್ಚಲತೆಯನ್ನು ವಿಧಿಸಿದರು. ಮುರಿದ ಎಲುಬಿಗೂ ಕ್ಷಯದ ಕೀಲಿಗೂ ಹೇಳಿದ ಈ ಮಾತು ಕ್ರಮೇಣ ಎಲ್ಲ ರೋಗಗಳಿಗೂ ಹಬ್ಬಿ, ಹೃದಯಾಘಾತವಾದವರನ್ನು ಆರು ವಾರ ಕದಲದಂತೆ ಮಲಗಿಸುವುದು, ಹೆರಿಗೆಯಾದವರನ್ನೂ ಶಸ್ತ್ರಚಿಕಿತ್ಸೆಯಾದವರನ್ನೂ ವಾರಗಟ್ಟಲೆ ಏಳಗೊಡದಿರುವುದು ಆಸ್ಪತ್ರೆಗಳ ಕಟ್ಟುನಿಟ್ಟಾಯಿತು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಂಭವಿಸುತ್ತಿದ್ದ ಸಾವುಗಳನ್ನು ಬಹುಕಾಲ ಮೂಲರೋಗದ ಲೆಕ್ಕಕ್ಕೆ ಬರೆಯಲಾಯಿತೇ ಹೊರತು, ಮಲಗಿಸುವುದೂ ಕೊಲ್ಲಬಲ್ಲದು ಎಂಬ ಸಂಶಯ ಕೆಲವರಿಗೆ ಮಾತ್ರ ಬಂದಿತು.

ಕಾಗಿಣಾ ಸೀಮೆಯಲ್ಲಿ ಆಧುನಿಕ ಆಸ್ಪತ್ರೆಯ ಅನುಭವವನ್ನು ದುಡಿಯುವ ಜನರಿಗೆ ಹತ್ತಿರ ತಂದುದರಲ್ಲಿ ರೈಲ್ವೆಯ ಜೊತೆಗೆ ಕಾರ್ಖಾನೆಗಳಿಗೂ ಪಾಲಿದೆ. ಶಹಾಬಾದಿನ ಸಿಮೆಂಟ್ ಕಾರ್ಖಾನೆ 1920ರ ದಶಕದಲ್ಲಿ ಆರಂಭವಾಗಿ 1936ರಲ್ಲಿ ಎಸಿಸಿ ಕಂಪನಿಯೊಳಗೆ ಸೇರಿತು. ವಾಡಿಯ ಕಾರ್ಖಾನೆ 1960ರ ದಶಕದ ಕೊನೆಗೆ, ಮಳಖೇಡ ಮತ್ತು ಸೇಡಂಗಳ ಕಾರ್ಖಾನೆಗಳು 1980ರ ದಶಕದಲ್ಲಿ ಬಂದವು. 1948ರ ಕಾರ್ಖಾನೆಗಳ ಕಾಯ್ದೆಯು ಐನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೋಣೆ, ಅಂದರೆ ಗಾಯಾಳುಗಳ ತುರ್ತು ಶುಶ್ರೂಷೆಯ ಕೋಣೆ, ಇರಲೇಬೇಕೆಂದು ವಿಧಿಸಿತು. ಅದೇ ವರ್ಷದ ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ಕಾಯ್ದೆಯು ಕಾರ್ಮಿಕರಿಗೆ ಚಿಕಿತ್ಸೆಯ ಜೊತೆಗೆ ಕಾಯಿಲೆಯ ದಿನಗಳ ವೇತನದ ಒಂದು ಪಾಲನ್ನೂ ಹಕ್ಕನ್ನಾಗಿ ಮಾಡಿತು. ಇವುಗಳಿಗಿಂತ ಹಿಂದಿನ 1923ರ ಕಾರ್ಮಿಕ ಪರಿಹಾರ ಕಾಯ್ದೆ, ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಇಲ್ಲಿಗೂ ಅನ್ವಯವಾಗಿ, ದೇಹದ ನಷ್ಟವನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿಯನ್ನು ತಂದಿತು. ಅದರ ಅನುಸೂಚಿಯ ಪ್ರಕಾರ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಕಡಿದುಹೋದ ಅಂಗಕ್ಕೆ ಹೀಗೆ ಸಿದ್ಧ ಲೆಕ್ಕವಿದೆ. ಅಂಗಗಳೆಲ್ಲ ಇದ್ದೂ ಬಲ ಬತ್ತಿಹೋದ ದೇಹಕ್ಕೆ ಅಂಥ ಸಾಲು ಅನುಸೂಚಿಯಲ್ಲಿ ಇಲ್ಲ, ವೈದ್ಯರು ಪ್ರತ್ಯೇಕವಾಗಿ ಅಂದಾಜು ಮಾಡಿ ಬರೆಯಬೇಕು. ಗಂಭೀರ ಅಪಘಾತದ ನಂತರ ವಾರಗಟ್ಟಲೆ ಯಂತ್ರದ ಉಸಿರಿನಲ್ಲಿದ್ದು ಬದುಕಿದ ಕಾರ್ಮಿಕನ ನಷ್ಟ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಕಾನೂನು ಬರೆದವರ ಕಾಲದಲ್ಲಿ ಅಂಥವರು ಬದುಕುತ್ತಲೇ ಇರಲಿಲ್ಲ.

ವಿಶ್ರಾಂತಿಯ ಸಿದ್ಧಾಂತ ಸಡಿಲಗೊಂಡದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. ಹಾಸಿಗೆ ಕಡಿಮೆಯಿದ್ದು ಗಾಯಾಳುಗಳು ಹೆಚ್ಚಿದ್ದಾಗ ಬೇಗ ಎಬ್ಬಿಸಿದ ಸೈನಿಕರು ಬೇಗ ಚೇತರಿಸಿಕೊಂಡರು. 1944ರಲ್ಲಿ ಅಮೆರಿಕದ ವಿಲಿಯಂ ಡಾಕ್, 1947ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್, ಹಾಸಿಗೆಯೇ ತರುವ ಕೇಡುಗಳನ್ನು ಅಂಗಾಂಗವಾಗಿ ವಿವರಿಸಿದರು: ಬಿಗಿದ ಕೀಲುಗಳು, ಕರಗಿದ ಸ್ನಾಯುಗಳು, ಸವೆದ ಮೂಳೆ, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು, ಶ್ವಾಸಕೋಶದ ತಳದಲ್ಲಿ ಕಟ್ಟಿಕೊಳ್ಳುವ ಕಫ. 1952ರಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸುವ ಸಾಹಸ ಮಾಡಿದರು.

ಅದೇ 1952 ತೀವ್ರ ನಿಗಾ ಘಟಕದ ಜನ್ಮಕ್ಕೂ ಕಾರಣವಾದ ವರ್ಷ. ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಪೋಲಿಯೋ ರೋಗಿಗಳು ಪ್ರವಾಹದಂತೆ ಬಂದು, ಉಸಿರಾಟದ ಸ್ನಾಯುಗಳು ಸೋತವರಲ್ಲಿ ಹೆಚ್ಚಿನವರು ಸಾಯುತ್ತಿದ್ದಾಗ, ಅರಿವಳಿಕೆ ತಜ್ಞ ಬಿಯಾರ್ನ್ ಇಬ್ಸೆನ್ ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿನ ಕೆಳಗೆ ರಂಧ್ರ ಮಾಡಿ, ಕೊಳವೆಯ ಮೂಲಕ ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದರು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಆ ಚೀಲಗಳನ್ನು ಒತ್ತಿದರು. 1953ರ ಡಿಸೆಂಬರಿನಲ್ಲಿ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆದರು. ಆ ಪೋಲಿಯೋ ರೋಗಿಗಳ ಮನಸ್ಸು ಎಚ್ಚರವಾಗಿತ್ತು, ಅವರ ಕೀಲುಗಳನ್ನು ಆಡಿಸುವುದು, ಕಫ ಸಡಿಲಿಸುವುದು, ಉಳಿದ ಸ್ನಾಯುಗಳಿಗೆ ಕಸರತ್ತು ಕಲಿಸುವುದು ಚಿಕಿತ್ಸೆಯ ಅವಿಭಾಜ್ಯ ಅಂಗವಾಗಿತ್ತು. ತೀವ್ರ ನಿಗಾವೂ ಪುನಶ್ಚೇತನವೂ ಒಂದೇ ರೋಗದಿಂದ ಬೆಳೆದ ಅವಳಿಗಳು ಎನ್ನುವುದಕ್ಕೆ ಭಾರತದಲ್ಲಿಯೂ ಆಧಾರವಿದೆ. ಮುಂಬಯಿಯನ್ನು ಪೋಲಿಯೋ ಕಾಡಿದ ಬೆನ್ನಲ್ಲೇ 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಜಿಯೋಥೆರಪಿ ಶಾಲೆ, ಅಂದರೆ ವ್ಯಾಯಾಮ, ಚಲನೆ, ಶಾಖ ಮುಂತಾದ ಭೌತಿಕ ಸಾಧನಗಳಿಂದ ಚಿಕಿತ್ಸೆ ಮಾಡುವವರನ್ನು ತಯಾರಿಸುವ ಶಾಲೆ, ಆರಂಭವಾಯಿತು. 1955ರಲ್ಲಿ ಅದೇ ನಗರದಲ್ಲಿ ಅಖಿಲ ಭಾರತ ಮಟ್ಟದ ಪುನಶ್ಚೇತನ ಸಂಸ್ಥೆ ತಲೆಯೆತ್ತಿತು. ವಾಡಿಯ ನಿಲ್ದಾಣದಿಂದ ಹೊರಡುವ ಹಳಿ ನೇರವಾಗಿ ಮುಟ್ಟುವ ನಗರದಲ್ಲಿ ಈ ವಿದ್ಯೆ ಹುಟ್ಟಿದರೂ, ಅದು ಹಳಿಯ ಈ ತುದಿಗೆ ಬರಲು ದಶಕಗಳೇ ಹಿಡಿದವು.

ಇಷ್ಟರಲ್ಲಿ ತೀವ್ರ ನಿಗಾ ಘಟಕಗಳೇ ತಮ್ಮ ಅವಳಿಯನ್ನು ಮರೆತವು. ಯಂತ್ರಗಳು ಬಲವಾದಂತೆ, ಗಂಟಲಿನ ಕೊಳವೆಯನ್ನು ರೋಗಿ ಸಹಿಸಿಕೊಳ್ಳಲೆಂದು ಆಳವಾದ ಮಂಪರು ಔಷಧ ಕೊಡುವುದು, ಕೆಲವೊಮ್ಮೆ ಸ್ನಾಯುಗಳನ್ನೇ ನಿಶ್ಚೇಷ್ಟಗೊಳಿಸುವುದು ವಾಡಿಕೆಯಾಗಿ, ಎಚ್ಚರವಿದ್ದ ಪೋಲಿಯೋ ರೋಗಿಯ ಜಾಗದಲ್ಲಿ ವಾರಗಟ್ಟಲೆ ಅಲುಗಾಡದ ದೇಹ ಬಂದು ಮಲಗಿತು. ಹಾಸಿಗೆ ವಿಶ್ರಾಂತಿಯನ್ನು ಉಳಿದ ವಾರ್ಡುಗಳು ಬಿಟ್ಟುಕೊಟ್ಟ ದಶಕಗಳಲ್ಲಿ ಅದು ಆಸ್ಪತ್ರೆಯ ಅತ್ಯಾಧುನಿಕ ಕೋಣೆಯೊಳಗೆ ಹಿಂಬಾಗಿಲಿನಿಂದ ಮರಳಿದ್ದು ವೈದ್ಯಚರಿತ್ರೆಯ ನೋವಿನ ಅಧ್ಯಾಯಗಳಲ್ಲೊಂದು. ಅದರ ಬೆಲೆ ನಿಧಾನವಾಗಿ ತಿಳಿಯಿತು. ಕೆನಡಾದ ಚಾರ್ಲ್ಸ್ ಬೋಲ್ಟನ್ 1984ರಲ್ಲಿ ಗಂಭೀರ ಸೋಂಕಿನ ರೋಗಿಗಳಲ್ಲಿ ಕೈಕಾಲುಗಳ ನರಗಳೇ ಹಾಳಾಗುವ ಸ್ಥಿತಿಯನ್ನು ವರ್ಣಿಸಿದರು. ಟೊರಾಂಟೊದ ಮಾರ್ಗರೆಟ್ ಹೆರಿಡ್ಜ್ ಮತ್ತು ಸಂಗಡಿಗರು 2003ರಲ್ಲಿ, ಶ್ವಾಸಕೋಶದ ತೀವ್ರ ವೈಫಲ್ಯದಿಂದ ಬದುಕುಳಿದ 109 ಮಂದಿಯನ್ನು ಅನುಸರಿಸಿ, ಘಟಕ ಬಿಡುವ ಹೊತ್ತಿಗೆ ಅವರು ತಮ್ಮ ತೂಕದ ಶೇಕಡಾ 18ರಷ್ಟನ್ನು ಕಳೆದುಕೊಂಡಿದ್ದರೆಂದೂ ವರ್ಷದ ನಂತರವೂ ಸುಮಾರು ಅರ್ಧ ಮಂದಿಗೆ ಕೆಲಸಕ್ಕೆ ಮರಳಲಾಗಿರಲಿಲ್ಲವೆಂದೂ ತೋರಿಸಿದರು. ಅವರ ಶ್ವಾಸಕೋಶಗಳು ಬಹುಮಟ್ಟಿಗೆ ಸರಿಹೋಗಿದ್ದವು. ಹಿಂದೆ ಬಿದ್ದದ್ದು ಸ್ನಾಯುಗಳು. ಲಂಡನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೊಡೆಯ ಮುಂಭಾಗದ ಸ್ನಾಯು ಹತ್ತೇ ದಿನಗಳಲ್ಲಿ ಶೇಕಡಾ 17ಕ್ಕೂ ಹೆಚ್ಚು ಸೊರಗುತ್ತದೆಂದು ಅಳೆದು ಹೇಳಿತು. ನೆಲದಿಂದ ಕಲ್ಲಿನ ಹಾಸನ್ನು ಎತ್ತುವವರು ಊರಿ ಏಳುವುದು ಅದೇ ಸ್ನಾಯುವಿನ ಮೇಲೆ.

ತೀವ್ರ ನಿಗಾ ಘಟಕದ ಇಂಗ್ಲಿಷ್ ಹೆಸರಿನ ಹ್ರಸ್ವರೂಪದಿಂದ ಐಸಿಯು ದೌರ್ಬಲ್ಯ ಎಂದು ಹೆಸರಾದ ಈ ಸ್ಥಿತಿಯನ್ನು ಅಳೆಯಲು ವೈದ್ಯರು ಬಳಸುವುದು ಯುದ್ಧಕಾಲದ ಒಂದು ಸಾಧನವನ್ನು. ನರದ ಗಾಯಗಳಾದ ಸೈನಿಕರಿಗಾಗಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1943ರಲ್ಲಿ ರೂಪಿಸಿದ ಮಾಪಕವು ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತದೆ. ಎರಡೂ ಕಡೆಯ ಹನ್ನೆರಡು ಸ್ನಾಯುಗುಂಪುಗಳ ಒಟ್ಟು ಅಂಕ 60ಕ್ಕೆ 48ಕ್ಕಿಂತ ಕೆಳಗಿದ್ದರೆ ದೌರ್ಬಲ್ಯವಿದೆಯೆಂದು ಅರ್ಥ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ; ರೋಗಿ ಎಚ್ಚರವಾಗಿರಬೇಕು, ಎದುರಿಗೆ ಕೈ ಒಡ್ಡಿ ನಿಲ್ಲುವವರೊಬ್ಬರಿರಬೇಕು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿಯೂ ಸಾಧ್ಯವಾಗುವ ಇಂಥ ಅಳತೆ ಬಿಡುಗಡೆಯ ಕಾಗದದ ಮೇಲೆ ತಪ್ಪದೆ ಇರಬೇಕಾದದ್ದು.

ರೋಗಿಯನ್ನು ಎಚ್ಚರಗೊಳಿಸುವುದೇ ಎಬ್ಬಿಸುವುದರ ಮೊದಲ ಮೆಟ್ಟಿಲೆಂಬುದನ್ನು ಷಿಕಾಗೋದ ಜಾನ್ ಕ್ರೆಸ್ 2000ದಲ್ಲಿ ಸ್ಥಾಪಿಸಿದರು. ದಿನಕ್ಕೊಮ್ಮೆ ಮಂಪರು ಔಷಧವನ್ನು ನಿಲ್ಲಿಸಿದ ರೋಗಿಗಳು 7.3 ದಿನಗಳ ಬದಲು 4.9 ದಿನಗಳಲ್ಲೇ ಯಂತ್ರದಿಂದ ಹೊರಬಂದರು. 2007ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪಾಲಿ ಬೇಲಿ ಮತ್ತು ಜೊತೆಗಾರರು 103 ರೋಗಿಗಳನ್ನು, ಅವರಲ್ಲಿ ಗಂಟಲಲ್ಲಿ ಕೊಳವೆ ಇದ್ದವರನ್ನೂ ಸೇರಿಸಿ, ಕೂರಿಸಿ ನಡೆಸಿದ 1449 ಸಂದರ್ಭಗಳನ್ನು ದಾಖಲಿಸಿದಾಗ, ತೊಂದರೆಯಾದದ್ದು ಶೇಕಡಾ ಒಂದಕ್ಕಿಂತ ಕಡಿಮೆ. 2009ರಲ್ಲಿ ವಿಲಿಯಂ ಶ್ವೈಕರ್ಟ್ ನಡೆಸಿದ 104 ರೋಗಿಗಳ ಪ್ರಯೋಗದಲ್ಲಿ, ಮೊದಲ ದಿನಗಳಿಂದಲೇ ವ್ಯಾಯಾಮ ಮತ್ತು ದಿನಬಳಕೆಯ ಕೆಲಸಗಳ ಅಭ್ಯಾಸ ಪಡೆದವರಲ್ಲಿ ಶೇಕಡಾ 59 ಮಂದಿ ಸ್ವತಂತ್ರವಾಗಿ ಓಡಾಡುವ ಸ್ಥಿತಿಯಲ್ಲಿ ಆಸ್ಪತ್ರೆ ಬಿಟ್ಟರು. ಉಳಿದ ಗುಂಪಿನಲ್ಲಿ ಅದು ಶೇಕಡಾ 35 ಆಗಿತ್ತು. ಈ ಉತ್ಸಾಹಕ್ಕೆ 2022ರಲ್ಲಿ ತಡೆ ಬಿದ್ದಿತು. ಆರು ದೇಶಗಳ 750 ರೋಗಿಗಳ ಟೀಮ್ ಪ್ರಯೋಗದಲ್ಲಿ, ದಿನಕ್ಕೆ ಸುಮಾರು 9 ನಿಮಿಷಗಳ ಮಾಮೂಲು ಚಲನೆಗೆ ಬದಲಾಗಿ 21 ನಿಮಿಷಗಳ ಹುರುಪಿನ ಚಲನೆ ಪಡೆದವರಿಗೆ, ಆರು ತಿಂಗಳಲ್ಲಿ ಆಸ್ಪತ್ರೆಯ ಹೊರಗೆ ಬದುಕಿದ ದಿನಗಳ ಲೆಕ್ಕದಲ್ಲಿ ಹೆಚ್ಚಿನ ಲಾಭವೇನೂ ಆಗಲಿಲ್ಲ. ಹೃದಯದ ಲಯ ತಪ್ಪುವುದು, ರಕ್ತದೊತ್ತಡ ಇಳಿಯುವುದು ಮುಂತಾದ ಅನಾಹುತಗಳು ಶೇಕಡಾ 4.1ರಿಂದ 9.2ಕ್ಕೆ ಏರಿದವು. ಎಬ್ಬಿಸುವುದು ತಪ್ಪೆಂದು ಇದರ ಅರ್ಥವಲ್ಲ, ಏಕೆಂದರೆ ಹೋಲಿಕೆಗೆ ನಿಂತ ಗುಂಪನ್ನೂ ಆಗಲೇ ತಕ್ಕಮಟ್ಟಿಗೆ ಎಬ್ಬಿಸಲಾಗುತ್ತಿತ್ತು. ಅಳತೆ ಮೀರಬಾರದು, ಅಳತೆ ಪ್ರತಿ ದೇಹಕ್ಕೂ ಬೇರೆ ಎಂಬುದನ್ನು ಅದು ಅಂಕಿಗಳಲ್ಲಿ ಹೇಳಿತು. ಬಲಾರ್ಧದ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ: ಉತ್ತರಗಳು ಬೇರೆ, ಸಾಧನಗಳು ಬೇರೆ, ಎಚ್ಚರ ಒಂದೇ.

ಈ ಬೆಳವಣಿಗೆಗಳ ನಡುವೆ ಸೇಡಂ, ಚಿಂಚೋಳಿಗಳ ರೋಗಿಯ ದಾರಿಯೂ ಬದಲಾಗುತ್ತಿತ್ತು. 1956ರಲ್ಲಿ ಈ ಸೀಮೆಯಿರುವ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ದೊಡ್ಡ ಕಾಯಿಲೆಗೆ ಹೈದರಾಬಾದು ಸೊಲ್ಲಾಪುರಗಳನ್ನೇ ನೆಚ್ಚಬೇಕಾಗಿದ್ದ ಕಾಲದಲ್ಲಿ, 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1963ರಲ್ಲಿ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಅದು ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪುರೆಯವರ ಹೆಸರನ್ನು ಹೊತ್ತಿದೆ. ಅದರ ಬಸವೇಶ್ವರ ಆಸ್ಪತ್ರೆ, ನಂತರ ಬಂದ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್, ಇಎಸ್‌ಐಸಿ ವೈದ್ಯಕೀಯ ಕಾಲೇಜು, ಇವು ಕಲಬುರಗಿಯ ಸೇಡಂ ರಸ್ತೆಯ ಉದ್ದಕ್ಕೂ ಸಾಲುಗೊಂಡಿರುವುದರಿಂದ, ಸೇಡಂ, ಮಳಖೇಡಗಳ ಕಡೆಯಿಂದ ಬರುವ ಆಂಬುಲೆನ್ಸುಗಳಿಗೆ ಊರು ಆರಂಭವಾಗುವುದೇ ಆಸ್ಪತ್ರೆಗಳಿಂದ. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಶುರುವಾಯಿತು. ಬಡವರಿಗೆ ದೊಡ್ಡ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊಟ್ಟಮೊದಲು ಜಾರಿಯಾದದ್ದೇ ಕಲಬುರಗಿ ವಿಭಾಗದಲ್ಲಿ. ಯೋಜನೆ ಇದ್ದ ಮತ್ತು ಇಲ್ಲದ ಗ್ರಾಮಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವು, ಯೋಜನೆಯ ವ್ಯಾಪ್ತಿಯ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವುಗಳ ಪ್ರಮಾಣ ಶೇಕಡಾ 0.90ರ ಬದಲು 0.32 ಇದ್ದುದನ್ನು ಕಂಡಿತು. ಸಾವಿನ ವಿರುದ್ಧ ಈ ನಾಡು ಗಳಿಸಿದ ಇಂಥ ಗೆಲುವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೆ ಅಧ್ಯಯನ ಎಣಿಸಿದ್ದು ಮುಖ್ಯವಾಗಿ ಜೀವಗಳನ್ನು. ಬದುಕಿದವರಲ್ಲಿ ಎಷ್ಟು ಮಂದಿ ಮತ್ತೆ ಖಣಿಗೆ, ಹೊಲಕ್ಕೆ ಇಳಿದರೆಂಬುದನ್ನು ಎಣಿಸುವ ಅಧ್ಯಯನಗಳೂ ಅಷ್ಟೇ ಅಗತ್ಯ.

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡದ್ದು ಭಾರತದಲ್ಲಿ ಕೋವಿಡ್‌ನಿಂದ ದಾಖಲಾದ ಮೊದಲ ಸಾವು. ಆ ದಿನದಿಂದ ಎರಡು ವರ್ಷ, ಐಸಿಯು, ವೆಂಟಿಲೇಟರ್, ಆಕ್ಸಿಜನ್ ಮಟ್ಟ ಎಂಬ ಮಾತುಗಳು ವಾಡಿಯ ರೈಲ್ವೆ ಕ್ವಾರ್ಟರ್ಸುಗಳಿಂದ ಚಿಂಚೋಳಿಯ ತಾಂಡಾಗಳವರೆಗೆ ಮನೆಮಾತಾದವು. ರೋಗಿಯನ್ನು ಬೋರಲು ಮಲಗಿಸಿದರೆ ಶ್ವಾಸಕೋಶದ ಬೆನ್ನಿನ ಭಾಗ ಬಿಚ್ಚಿಕೊಂಡು ಆಮ್ಲಜನಕ ಹೆಚ್ಚು ಸೇರುತ್ತದೆ. ದಿನಕ್ಕೆ ಕನಿಷ್ಠ 16 ಗಂಟೆ ಹಾಗೆ ಮಲಗಿಸಿದಾಗ 28 ದಿನಗಳೊಳಗಿನ ಸಾವು ಶೇಕಡಾ 32.8ರಿಂದ 16ಕ್ಕೆ ಇಳಿದುದನ್ನು 2013ರ ಫ್ರೆಂಚ್ ಪ್ರಯೋಗವೊಂದು ತೋರಿಸಿತ್ತು. ಕೊಳವೆ, ತಂತಿಗಳಿಂದ ಸುತ್ತುವರಿದ ಭಾರವಾದ ದೇಹವನ್ನು ನಾಲ್ಕೈದು ಮಂದಿ ಒಮ್ಮತದಿಂದ ಹೊರಳಿಸುವ ಈ ಕ್ರಿಯೆಯಲ್ಲಿ ಯಂತ್ರಕ್ಕೆ ಪಾತ್ರವಿಲ್ಲ. ಎಚ್ಚರವಿದ್ದವರು ತಾವೇ ಬೋರಲು ಮಲಗುವ ಕ್ರಮವನ್ನು ಕೇಂದ್ರ ಆರೋಗ್ಯ ಸಚಿವಾಲಯವು 2021ರ ಏಪ್ರಿಲ್‌ನಲ್ಲಿ ಜನರಿಗಾಗಿ ಪ್ರಕಟಿಸಿದಾಗ, ದೇಹದ ಭಂಗಿಯೂ ಚಿಕಿತ್ಸೆಯೆಂಬ ತಿಳಿವು ಮೊದಲ ಬಾರಿಗೆ ಮನೆಮನೆಗೆ ತಲುಪಿತು. ಆದರೆ ಸೋಂಕಿನ ಭಯ ಫಿಜಿಯೋಥೆರಪಿಯವರನ್ನೂ ಮನೆಯವರನ್ನೂ ರೋಗಿಯಿಂದ ದೂರವಿಟ್ಟಿತು. ಆಳವಾದ ಮಂಪರು ಅನೇಕ ಕಡೆ ಮರಳಿತು.

ಕಲಬುರಗಿಯಿಂದ ಶಹಾಬಾದಿಗೆ ರೈಲಿನಲ್ಲಿ ಸುಮಾರು 26 ಕಿಲೋಮೀಟರ್, ವಾಡಿಗೆ 37. ಚಿಂಚೋಳಿಯಾದರೆ ರಸ್ತೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಮೊಣಕಾಲು ಮಡಚಲಾಗದವರಿಗೆ ಈ ದೂರಗಳು ನಕಾಶೆಯ ದೂರಗಳಾಗಿ ಉಳಿಯುವುದಿಲ್ಲ; ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಬರಬೇಕೆಂಬ ಸಲಹೆ, ಪ್ರತಿ ಸಾರಿಯೂ ಇಬ್ಬರ ಕೂಲಿ ಮತ್ತು ವಾಹನದ ಬಾಡಿಗೆ ಎಂಬ ಲೆಕ್ಕವಾಗುತ್ತದೆ. ಹೊರದೇಶದ ಮಾಪನಗಳು ಕುರ್ಚಿಯಿಂದ ಏಳುವುದನ್ನು ಎಣಿಸುತ್ತವೆ. ಇಲ್ಲಿನವರಿಗೆ ಬೇಕಾದದ್ದು ಫರಸಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡು ಆಸರೆಯಿಲ್ಲದೆ ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕೊಡ ಹೊರುವುದು, ತೊಗರಿಯ ಸಾಲಿನಲ್ಲಿ ಬಾಗಿ ನಿಲ್ಲುವುದು. ನೆಲದಿಂದ ಏಳಲು ಕುರ್ಚಿಯಿಂದ ಏಳುವುದಕ್ಕಿಂತ ಬಹಳ ಹೆಚ್ಚಿನ ಬಲ ಬೇಕು. ಆದ್ದರಿಂದ ಕುರ್ಚಿಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮನೆಯಲ್ಲಿ ಶೌಚಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾಗುವ ಸ್ಥಿತಿ ಬರುತ್ತದೆ, ಮತ್ತು ಆ ಕೈ ಬಹುಪಾಲು ಮನೆಯ ಹೆಂಗಸಿನದೇ ಆಗಿರುತ್ತದೆ.

ಮನೆಯವರಿಗೇ ಕಲಿಸಿ ಬಿಟ್ಟರೆ ಸಾಕೆಂಬ ಆಸೆ ಸಹಜವಾದದ್ದು, ಆದರೆ ಅದನ್ನು ಪರೀಕ್ಷಿಸಿ ನೋಡಲಾಗಿದೆ. ಭಾರತದ 14 ಆಸ್ಪತ್ರೆಗಳಲ್ಲಿ ಲಕ್ವದ 1250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಪ್ರಯೋಗದಲ್ಲಿ, ತರಬೇತಿ ಪಡೆದ ಮನೆಯವರಿಂದ ವ್ಯಾಯಾಮ ಮಾಡಿಸಿಕೊಂಡವರಲ್ಲಿಯೂ ಮಾಮೂಲು ಆರೈಕೆ ಪಡೆದವರಲ್ಲಿಯೂ ಆರು ತಿಂಗಳ ನಂತರ ತೀರಿಕೊಂಡವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಒಂದೇ ಆಗಿತ್ತು, ಶೇಕಡಾ 47. ಲಕ್ವ ಬೇರೆ, ಐಸಿಯು ದೌರ್ಬಲ್ಯ ಬೇರೆ ಎಂಬುದು ನಿಜ. ಆದರೂ ನುರಿತವರ ಕೆಲಸವನ್ನು ಪ್ರೀತಿಯೊಂದರ ಮೇಲೆ ಹೊರಿಸುವ ಯೋಜನೆಗಳಿಗೆ ಈ ಫಲಿತಾಂಶ ಎಚ್ಚರಿಕೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಫಿಜಿಯೋಥೆರಪಿಯನ್ನು ಪ್ರತ್ಯೇಕ ವೃತ್ತಿಯೆಂದು ಗುರುತಿಸಿ, ಅದರ ಶಿಕ್ಷಣಕ್ಕೂ ನೋಂದಣಿಗೂ ದೇಶಕ್ಕೆ ಒಂದೇ ಚೌಕಟ್ಟು ಕೊಟ್ಟಿತು. ಮುಂಬಯಿಯ ಮೊದಲ ಶಾಲೆ ತೆರೆದ 68 ವರ್ಷಗಳ ನಂತರ. ಈ ಚೌಕಟ್ಟಿನೊಳಗೆ ತಯಾರಾಗುವವರು ಜಿಲ್ಲಾಕೇಂದ್ರದಲ್ಲಿಯೇ ಉಳಿಯದೆ ಚಿಂಚೋಳಿ, ಚಿತ್ತಾಪುರ, ಸೇಡಂಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಯಂ ಹುದ್ದೆಗಳಲ್ಲಿದ್ದು, ಕಲಬುರಗಿಯ ಘಟಕದಿಂದ ರೋಗಿಯ ಬಲದ ಅಂಕವನ್ನು ಕಾಗದದ ಮೇಲೆ ಪಡೆದು, ಅಲ್ಲಿಂದ ಮುಂದಿನ ತಿಂಗಳುಗಳ ಕಸರತ್ತನ್ನು ಊರಿನ ನೆಲದ ಮೇಲೆಯೇ ಮಾಡಿಸುವಂತಾದರೆ, ಉಳಿಸಿದ ಜೀವಗಳ ಜೊತೆಗೆ ದುಡಿಮೆಗೆ ಮರಳಿದವರ ಲೆಕ್ಕವನ್ನೂ ಈ ಜಿಲ್ಲೆ ಇಡತೊಡಗಬಹುದು.